ನಕ್ಷೆಯ ಕೆಳಗೆ ಮೂರು ಸಾಲು ಬರೆಯಿರಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಗಡಿ ತಕರಾರು, ಅತಿಕ್ರಮಣ ಜಾಗದ ಜಿಪಿಎಸ್ ಸರ್ವೆ, ಸಿಆರ್‌ಝಡ್ ಗೆರೆ (ಕರಾವಳಿ ನಿಯಂತ್ರಣ ವಲಯದ ಗಡಿ) ಯಾರ ಅಂಗಳದಲ್ಲಿ ಹಾಯುತ್ತದೆ ಎಂಬ ಜಗಳ ಇವೆಲ್ಲ ಬರುತ್ತಲೇ ಇರುತ್ತವೆ. ಓದುವಾಗೆಲ್ಲ ಒಂದು ಮಾತು ಹೇಳಬೇಕೆನಿಸುತ್ತದೆ. ಎರಡೂ ಕಡೆಯವರು ಸತ್ಯವನ್ನೇ ಹೇಳುತ್ತಿರಬಹುದು, ನಕ್ಷೆ ಮಾತ್ರ ಜಾಗ ಬಿಟ್ಟು ಸರಿದಿರಬಹುದು. ನನ್ನ ಕೈಯಿಂದಲೇ ಅಂಥದ್ದೊಂದು ನಡೆದು ನಮ್ಮೂರ ಗಜನಿ (ಹೊಳೆದಂಡೆಯ ಉಪ್ಪುನೀರಿನ ಗದ್ದೆ) ರೈತರು ಒಂದು ಮಳೆಗಾಲ ಕಷ್ಟಪಟ್ಟರು. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಕುಮಟಾ ತಾಲ್ಲೂಕಿನವಳು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದೇ ಹನ್ನೆರಡು ವರ್ಷದಿಂದ ನನ್ನ ಉದ್ಯೋಗ. ಮೊದಲು ಬೆಂಗಳೂರಿನಲ್ಲಿದ್ದೆ, ಅಪ್ಪನಿಗೆ ಆರೋಗ್ಯ ಸರಿಯಿಲ್ಲವೆಂದು ಊರಿಗೆ ಬಂದವಳು ಇಲ್ಲೇ ಉಳಿದೆ. ನಮ್ಮದು ಅಘನಾಶಿನಿ ಹೊಳೆಯ ಉತ್ತರ ದಂಡೆ, ಸಾಣಿಕಟ್ಟಾ ಕಡೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಒಂದೂ ಅಣೆಕಟ್ಟೆಯಿಲ್ಲದೆ ಇಳಿದು ಬರುವ ಹೊಳೆ ನಮ್ಮಲ್ಲಿ ಸಮುದ್ರ ಸೇರುತ್ತದೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರ್ ಜಾಗ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಉಪ್ಪುನೀರು ತಡೆಯುವ ಕಟ್ಟೆ, ಅದರೊಳಗೆ ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಟ್ಟೆ ಗಟ್ಟಿಯಿದ್ದರೆ ಗಜನಿ, ಇಲ್ಲದಿದ್ದರೆ ಬರೀ ಕೆಸರು.

ಕಟ್ಟೆ ರಿಪೇರಿಗೆ ಅರ್ಜಿ ಹಾಕಬೇಕು, ಜೊತೆಗೊಂದು ನಕ್ಷೆ ಬೇಕು ಎಂದು ರೈತರು ನನ್ನಲ್ಲಿಗೆ ಬಂದರು. ಹಳೆಯ ಮಾಹಿತಿ ಒಂದು ಕಚೇರಿಯಲ್ಲಿತ್ತು. ಅವರು ಪೆನ್ ಡ್ರೈವ್‌ನಲ್ಲಿ 37 ಶೇಪ್ ಫೈಲ್ ಹಾಕಿಕೊಟ್ಟರು. ಕಟ್ಟೆ, ಗದ್ದೆಯ ಹಿಸ್ಸಾ, ನೀರು ಬಿಡುವ ಬಾಗಿಲು, ರಸ್ತೆ, ಮೋರಿ ಹೀಗೆ ಒಂದೊಂದಕ್ಕೂ ಒಂದೊಂದು. ಹೆಚ್ಚಿನವು ಹಳೆಯ ಟೋಪೋ ಶೀಟ್ (ಸರ್ವೆ ಇಲಾಖೆಯ ಕಾಗದದ ನಕ್ಷೆ) ಹಾಸಿಕೊಂಡು ಗೆರೆ ಎಳೆದು ಮಾಡಿದವು. ಫೈಲುಗಳ ಹೆಸರು ಅಡ್ಡಾದಿಡ್ಡಿ ಇದ್ದವು. ಕೈಯಲ್ಲಿ ಒಂದೊಂದೇ ಮಾಡಿದರೆ ಎರಡು ದಿನ ಹಿಡಿಯುತ್ತದೆ, ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ) ಬರೆದರೆ ಒಂದು ಗಂಟೆ. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಪ್ರತಿ ಫೈಲನ್ನೂ ಹೊಸ ಹೆಸರಲ್ಲಿ ಹೊಸ ಫೋಲ್ಡರಿಗೆ ನಕಲು ಮಾಡುವುದು, ಆಮೇಲೆ ಎಲ್ಲವನ್ನೂ ಮೀಟರ್ ಲೆಕ್ಕದ ಒಂದೇ ವ್ಯವಸ್ಥೆಗೆ ತಿರುಗಿಸುವುದು.

ಶೇಪ್ ಫೈಲ್ ಎಂದರೆ ಒಂದು ಫೈಲಲ್ಲ, ಒಂದು ಕಟ್ಟು. ಎಸ್‌ಎಚ್‌ಪಿಯಲ್ಲಿ ಆಕಾರ, ಎಸ್‌ಎಚ್‌ಎಕ್ಸ್‌ನಲ್ಲಿ ಅದರ ಸೂಚಿ, ಡಿಬಿಎಫ್‌ನಲ್ಲಿ ಪಟ್ಟಿ ಇರುತ್ತದೆ. ಈ ಮೂರಿದ್ದರೆ ನಕ್ಷೆ ತೆರೆಯುತ್ತದೆ. ನಾಲ್ಕನೆಯದು ಪಿಆರ್‌ಜೆ. ಅದರೊಳಗಿರುವುದು ಒಂದೇ ಸಾಲಿನ ಬರಹ. ಈ ಅಂಕಿಗಳನ್ನು ಯಾವ ಲೆಕ್ಕದಲ್ಲಿ ಓದಬೇಕು, ಡಿಗ್ರಿಯೋ ಮೀಟರೋ, ಭೂಮಿಯ ಯಾವ ಅಳತೆ ಹಿಡಿದು ಎಳೆದ ಗೆರೆ ಎಂಬುದೆಲ್ಲ ಅದರಲ್ಲಿದೆ. ನನ್ನ ಸ್ಕ್ರಿಪ್ಟ್ ಮೊದಲ ಮೂರನ್ನು ಒಯ್ದಿತು, ನಾಲ್ಕನೆಯದನ್ನು ಪೆನ್ ಡ್ರೈವ್‌ನಲ್ಲೇ ಬಿಟ್ಟಿತು. ಒಯ್ಯಲು ನಾನೇ ಹೇಳಿರಲಿಲ್ಲ.

ಮುಂದಿನ ಹೆಜ್ಜೆಗೆ ಸ್ಕ್ರಿಪ್ಟ್ ನಿಂತಿತು. ಜಿಯೋಪ್ಯಾಂಡಾಸ್ ಎಂಬ ಸಲಕರಣೆ ಬಳಸುವವರಿಗೆಲ್ಲ ಆ ಕೆಂಪು ಅಕ್ಷರದ ದೂರು ಗೊತ್ತು. ಈ ಮಾಹಿತಿಗೆ ನಿರ್ದೇಶಾಂಕ ವ್ಯವಸ್ಥೆಯೇ (ಸಿಆರ್‌ಎಸ್, ಅಂಕಿಗಳನ್ನು ಓದುವ ಲೆಕ್ಕ) ಇಲ್ಲ, ಮೊದಲು ಅದನ್ನು ಹೇಳಿ, ಆಮೇಲೆ ತಿರುಗಿಸುತ್ತೇನೆ ಎನ್ನುತ್ತದೆ. ಅದು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆಗ ರಾತ್ರಿ ಹನ್ನೊಂದಾಗಿತ್ತು, ಮರುದಿನ ಬೆಳಿಗ್ಗೆ ಅರ್ಜಿ ಕೊಡಬೇಕಿತ್ತು. ಫೈಲ್ ತೆರೆದು ನೋಡಿದೆ, ಅಂಕಿಗಳು 74, 14 ಎಂದಿದ್ದವು. ಅಕ್ಷಾಂಶ ರೇಖಾಂಶವೇ ಸರಿ ಎಂದುಕೊಂಡು ‘ಇದು 4326’ ಎಂದು ಒಂದು ಸಾಲು ಸೇರಿಸಿದೆ. 4326 ಎಂದರೆ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಪದ್ಧತಿಯ ಸಂಕೇತ ಸಂಖ್ಯೆ. ದೂರು ನಿಂತಿತು. 37 ಫೈಲೂ ಸರಾಗವಾಗಿ ಸಾಗಿದವು. ನಕ್ಷೆ ಚಂದ ಕಂಡಿತು, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಕೊಟ್ಟೆ.

ಮೂರು ತಿಂಗಳ ಮೇಲೆ ಅರ್ಜಿ ವಾಪಸ್ ಬಂತು. ನೀವು ತೋರಿಸಿದ ಕಟ್ಟೆ ಹೊಳೆಯ ಒಳಗಿದೆ, ಅಲ್ಲಿ ಕಟ್ಟೆಯೇ ಇಲ್ಲ ಎಂದು ಷರಾ ಬರೆದಿದ್ದರು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ವರ್ಷ ಕಟ್ಟೆ ಎರಡು ಕಡೆ ಒಡೆಯಿತು, ಮೊಳಕೆ ಎರಚಿದ್ದ ಕಗ್ಗ ಒಂದಷ್ಟು ಕೊಚ್ಚಿಹೋಯಿತು.

ಮೊದಲು ಸಿಟ್ಟು ಬಂದದ್ದು ಷರಾ ಬರೆದವರ ಮೇಲೆ. ಸಭೆಯಲ್ಲಿ ನಕ್ಷೆ ಹರವಿ ನೋಡುತ್ತಿದ್ದಾಗ ಎಪ್ಪತ್ತು ದಾಟಿದ ಅಜ್ಜನೊಬ್ಬ ಬೆರಳಿಟ್ಟು ಹೇಳಿದ, ‘ತಂಗೀ, ಇದು ನಮ್ಮ ಮೋರಿ ಅಲ್ಲ. ಮೋರಿ ಬುಡದಲ್ಲಿ ನಮ್ಮ ತೆಂಗಿನಮರ ಅದೆ. ಇದ್ರಲ್ಲಿ ನೋಡಿದ್ರೆ ಮೋರಿ ಗದ್ದೆ ನಡೂ ಬಂದದೆ. ಹ್ಯಾಂಗೆ ಬತ್ತದೆ?’

ಉಪಗ್ರಹದ ಚಿತ್ರ ಸ್ವಲ್ಪ ಆಚೀಚೆ ಇರಬಹುದು ಅಜ್ಜ, ಎಂದೆ. ಅವರು ಒಪ್ಪಲಿಲ್ಲ. ‘ಬಾ, ಅಳ್ದೇ ನೋಡ್ವ’ ಎಂದರು.

ಮರುದಿನ ಇಳಿತದ ಹೊತ್ತಿಗೆ ಇಬ್ಬರೂ ಕಟ್ಟೆ ಮೇಲೆ ನಡೆದೆವು. ನೀರು ಹಿಂದೆ ಸರಿದು ಕೆಸರು ಬಯಲಾಗಿತ್ತು, ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪು ಹೆಕ್ಕುತ್ತಿದ್ದರು. ನನ್ನ ಫೋನಿನಲ್ಲಿ ನಕ್ಷೆ, ನಾವು ನಿಂತಲ್ಲಿಗೆ ನೀಲಿ ಚುಕ್ಕೆ. ಕಟ್ಟೆಯ ಮೂಲೆಯಲ್ಲಿ ನಿಂತೆ. ನಕ್ಷೆಯ ಕಟ್ಟೆಮೂಲೆ ದೂರ ನೀರಿನಲ್ಲಿ ತೋರಿಸುತ್ತಿತ್ತು. ಇನ್ನೊಂದು ಮೂಲೆಗೆ ಹೋದೆವು, ಅಲ್ಲೂ ಅಷ್ಟೇ ದೂರ, ಅದೇ ದಿಕ್ಕು. ರಸ್ತೆಯ ಮೋರಿಗೆ ಬಂದೆವು. ಇಲ್ಲಿ ನಕ್ಷೆಯ ಚುಕ್ಕೆ ಗದ್ದೆಯಲ್ಲಿ ಬಿದ್ದಿದ್ದರಿಂದ ಹಗ್ಗ ಹಿಡಿದು ಅಳೆಯಲು ಬಂತು. ಅಜ್ಜ ತೋಳು ಚಾಚಿ ಹಗ್ಗವನ್ನು ಮಾರು ಮಾರಾಗಿ ಎಣಿಸುತ್ತ ಹೋದರು. ಎಂಬತ್ತೆಂಟು ಮಾರು. ಹತ್ತಿರ ಹತ್ತಿರ 160 ಮೀಟರ್. ಫೋನಿನ ಜಿಪಿಎಸ್ ಐದಾರು ಮೀಟರ್ ಹೆಚ್ಚುಕಮ್ಮಿ ತೋರಿಸುತ್ತದೆ, 160 ಮೀಟರ್ ತಪ್ಪುವುದಿಲ್ಲ.

ಮೂರು ಜಾಗದಲ್ಲೂ ಒಂದೇ ದೂರ, ಮೂರೂ ಕಡೆ ಆಗ್ನೇಯಕ್ಕೆ. ಅಲ್ಲೇ ಗದ್ದೆಯ ಹುಣಿಯ ಮೇಲೆ ನನಗೆ ವಿಷಯ ಹೊಳೆಯಿತು. ಗೆರೆ ಎಳೆದವರ ಕೈತಪ್ಪಾಗಿದ್ದರೆ ಒಂದು ಕಡೆ ಇತ್ತ, ಒಂದು ಕಡೆ ಅತ್ತ ಆಗಿರಬೇಕಿತ್ತು. ಇಡೀ ಊರೇ ಹಾಸಿದ ಚಾಪೆ ಎಳೆದಂತೆ ಒಟ್ಟಿಗೆ ಸರಿದಿದ್ದರೆ ಅದು ಡೇಟಮ್ ವ್ಯತ್ಯಾಸ.

ಡೇಟಮ್ ಎಂದರೇನು ಎಂದು ಅಜ್ಜನಿಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ಮೋಜಣಿಯವರು ಬಂದು ಬಾಂದುಕಲ್ಲಿನಿಂದ ಸರಪಳಿ ಹಿಡಿಯುತ್ತಾರಲ್ಲ, ಆ ಕಲ್ಲೇ ಬೇರೆಯಾದರೆ ಅಳತೆಯೆಲ್ಲ ಸರಿಯಿದ್ದೂ ಜಮೀನು ಪಕ್ಕದವರಲ್ಲಿಗೆ ಹೋಗುತ್ತದೆ. ದೇಶದ ನಕ್ಷೆಗೂ ಅಂಥ ಬಾಂದುಕಲ್ಲು ಇದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುಮಾಡಿದ ಮಹಾ ಸರ್ವೆಯನ್ನು ಮುಂದುವರಿಸಿದವರು ಜಾರ್ಜ್ ಎವರೆಸ್ಟ್. 1830ರಲ್ಲಿ ಅವರು ಭೂಮಿಯ ಗಾತ್ರಕ್ಕೆ ಒಂದು ಲೆಕ್ಕ ಕೊಟ್ಟರು. ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲಬಿಂದುವಾಗಿಟ್ಟು, ಆ ಲೆಕ್ಕ ಹಿಡಿದು ನಮ್ಮ ಹಳೆಯ ಟೋಪೋ ಶೀಟುಗಳೆಲ್ಲ ತಯಾರಾದವು. ಆ ಕಾಲದ ಸಲಕರಣೆಯಲ್ಲಿ ಅದು ಅದ್ಭುತವಾದ ಕೆಲಸ. ಆದರೆ ಎವರೆಸ್ಟ್ ಲೆಕ್ಕದಲ್ಲಿ ಭೂಮಿಯ ಮಧ್ಯದಿಂದ ಸಮಭಾಜಕಕ್ಕೆ ಸುಮಾರು 63,77,300 ಮೀಟರ್, ಜಿಪಿಎಸ್ ಲೆಕ್ಕದಲ್ಲಿ 63,78,137 ಮೀಟರ್. ಎರಡರ ನಡುಬಿಂದುವೂ ಒಂದೇ ಕಡೆ ಇಲ್ಲ. ಹಾಗಾಗಿ ಒಂದೇ ಮೋರಿಗೆ ಎರಡು ಅಕ್ಷಾಂಶ ರೇಖಾಂಶ ಬರುತ್ತದೆ, ಎರಡೂ 74, 14 ಎಂದೇ ಶುರುವಾಗುತ್ತವೆ. ನಮ್ಮ ಕರಾವಳಿಯಲ್ಲಿ ಒಂದನ್ನು ಇನ್ನೊಂದೆಂದು ಓದಿದರೆ ನೂರೈವತ್ತು ಮೀಟರಿಗೂ ಮಿಕ್ಕಿ ತಪ್ಪುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಜನಸಾಮಾನ್ಯರಿಗೆ ಸಿಗುವ ನಕ್ಷೆಗಳು ಜಿಪಿಎಸ್ ಪದ್ಧತಿಗೆ ಬಂದವು. ಅದಕ್ಕೂ ಮೊದಲಿನ ಹಾಳೆ ನೋಡಿ ಗೆರೆ ಎಳೆದ ಮಾಹಿತಿ ಇಂದಿಗೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಓಡಾಡುತ್ತಲೇ ಇದೆ.

ಮನೆಗೆ ಬಂದು ಪೆನ್ ಡ್ರೈವ್ ಹಾಕಿ ಪಿಆರ್‌ಜೆ ಫೈಲುಗಳನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದೆ. 32 ಫೈಲಿನಲ್ಲಿ ಎವರೆಸ್ಟ್ ಎಂದೇ ಇತ್ತು. ನಾಲ್ಕು ಮಾತ್ರ ಡಬ್ಲ್ಯುಜಿಎಸ್ 84, ಯಾರೋ ಜಿಪಿಎಸ್ ಹಿಡಿದು ತಿರುಗಿ ಮಾಡಿದವು. ಉಳಿದ ಒಂದು ಫೈಲ್ ಮೀಟರ್ ಲೆಕ್ಕದ್ದು. ಆ ನಾಲ್ಕು ಸರಿಯಾದ ಜಾಗದಲ್ಲೇ ಕೂತಿದ್ದವು. ಅದಕ್ಕೇ ನನ್ನ ಕಣ್ಣಿಗೆ ನಕ್ಷೆ ಸರಿ ಕಂಡದ್ದು, ನಾನು ಉಪಗ್ರಹ ಚಿತ್ರದ ಮೇಲಿಟ್ಟು ನೋಡಿದ್ದು ಆ ನಾಲ್ಕರಲ್ಲೊಂದನ್ನು. ಮೀಟರಿನದು ನಕ್ಷೆಯಲ್ಲಿ ಎಲ್ಲೂ ಕಾಣದೆ ಕಳೆದುಹೋಗಿತ್ತು, ಫೈಲ್ ಖಾಲಿ ಇರಬೇಕೆಂದುಕೊಂಡಿದ್ದೆ. ನಾಲ್ಕು ಲಕ್ಷ ಡಿಗ್ರಿ ರೇಖಾಂಶ ಭೂಮಿಯ ಮೇಲೆ ಎಲ್ಲಿ ಸಿಗುತ್ತದೆ!

ನಾನು ಮಾಡಿದ ತಪ್ಪಿನ ಬೇರು ಒಂದೇ, ಈ ಕೆಲಸಕ್ಕೆ ಹೊಸದಾಗಿ ಬರುವ ಪ್ರತಿಯೊಬ್ಬ ಹುಡುಗ ಹುಡುಗಿಗೂ ಅದನ್ನು ಹೇಳಬೇಕು. ಹೆಸರು ಹಚ್ಚುವುದು ಬೇರೆ, ಪರಿವರ್ತಿಸುವುದು ಬೇರೆ. ಶಿರಸಿ ಕಡೆಯವರಿಗೆ ಅಡಿಕೆಯ ಮಾತಿನಲ್ಲಿ ಹೇಳುವುದಾದರೆ, ಚಾಲಿ (ಬೇಯಿಸದೆ ಒಣಗಿಸಿದ ಅಡಿಕೆ) ತುಂಬಿದ ಚೀಲದ ಮೇಲೆ ರಾಶಿ ಎಂದು ಬರೆದರೆ ಒಳಗಿನದು ರಾಶಿ ಅಡಿಕೆ ಆಗುವುದಿಲ್ಲ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ರಾಶಿ. ಜಿಯೋಪ್ಯಾಂಡಾಸ್‌ನಲ್ಲಿ ‘ಸೆಟ್ ಸಿಆರ್‌ಎಸ್’ ಎಂದರೆ ಚೀಲದ ಮೇಲಿನ ಬರಹ, ‘ಟು ಸಿಆರ್‌ಎಸ್’ ಎಂದರೆ ಬೇಯಿಸಿ ಒಣಗಿಸುವ ಕೆಲಸ. ನಕ್ಷೆ ಮಾಡುವ ಇನ್ನೊಂದು ತಂತ್ರಾಂಶ ಆರ್ಕ್‌ಜಿಐಎಸ್‌ನಲ್ಲಿ ಮೊದಲನೆಯದು ‘ಡಿಫೈನ್ ಪ್ರೊಜೆಕ್ಷನ್’, ಎರಡನೆಯದು ‘ಪ್ರಾಜೆಕ್ಟ್’. ಒಜಿಆರ್ ಎಂಬ ಸಲಕರಣೆ ಬಳಸುವವರಿಗೆ ಎ-ಎಸ್‌ಆರ್‌ಎಸ್ ಮತ್ತು ಟಿ-ಎಸ್‌ಆರ್‌ಎಸ್, ಒಂದೇ ಅಕ್ಷರದ ವ್ಯತ್ಯಾಸ. ಗೊತ್ತಿಲ್ಲದಾಗ ಹೆಸರು ಹಚ್ಚಿ ದೂರಿನ ಬಾಯಿ ಮುಚ್ಚಿಸಬಾರದು. ನನ್ನ ಆ ಒಂದು ಸಾಲು ಮಾಡಿದ್ದು ಅದನ್ನೇ.

ಆರ್ಕ್‌ಜಿಐಎಸ್ ಬಳಸುವ ಗೆಳತಿಯೊಬ್ಬಳು ಇನ್ನೊಂದು ಬಗೆಯಲ್ಲಿ ಸಿಕ್ಕಿಬಿದ್ದಿದ್ದಳು. ಅಲ್ಲಿ ಸ್ಕ್ರಿಪ್ಟಿನ ಆರಂಭದಲ್ಲಿ ‘ಔಟ್‌ಪುಟ್ ಕೋಆರ್ಡಿನೇಟ್ ಸಿಸ್ಟಮ್’ ಎಂದು ಒಮ್ಮೆ ಹೊಂದಿಸಿಟ್ಟರೆ ಅದು ತೆಗೆಯುವವರೆಗೂ ಹಾಗೇ ಕೂತಿರುತ್ತದೆ. ಬರೀ ನಕಲು ಎಂದು ನಾವು ಕೊಟ್ಟ ಆಜ್ಞೆ ಕೂಡ ಪ್ರತಿ ಫೈಲನ್ನೂ ಆ ವ್ಯವಸ್ಥೆಗೆ ತಿರುಗಿಸುತ್ತ ಹೋಗುತ್ತದೆ. ಅದರ ಜಿಯೋಡೇಟಾಬೇಸ್ ಎಂಬ ಮಾಹಿತಿ ಭಂಡಾರದೊಳಗೆ ಫೈಲುಗಳನ್ನು ಗುಂಪಾಗಿಡುವ ಫೀಚರ್ ಡೇಟಾಸೆಟ್ ಕೂಡ ಹಾಗೆಯೇ, ಅದರದ್ದೇ ಒಂದು ವ್ಯವಸ್ಥೆ ಇರುತ್ತದೆ, ಒಳಗೆ ಬಂದವರೆಲ್ಲ ಅದನ್ನೇ ಉಡಬೇಕು. ತಿರುಗಿಸುವುದು ತಪ್ಪಲ್ಲ. ಎವರೆಸ್ಟಿನಿಂದ ಡಬ್ಲ್ಯುಜಿಎಸ್‌ಗೆ ಹೋಗುವಾಗ ಯಾವ ಸೂತ್ರ ಹಿಡಿಯಬೇಕೆಂದು ನಾವು ಬೇರೆಯಾಗಿ ಹೇಳಬೇಕು, ಹೇಳದೆ ಬಿಟ್ಟರೆ ಆ ನೂರೈವತ್ತು ಮೀಟರ್ ಹಾಗೇ ಉಳಿದುಬಿಡಬಹುದು. ತಿರುಗಿಸಿದರೂ ಡಿಬಿಎಫ್ ಪಟ್ಟಿಯಲ್ಲಿ ಯಾರಾದರೂ ಮೊದಲೇ ಬರೆದಿಟ್ಟ ನಿರ್ದೇಶಾಂಕದ ಎಕ್ಸ್, ವೈ ಅಂಕಣಗಳು ಬದಲಾಗುವುದಿಲ್ಲ. ಆಕಾರ ಹೊಸ ಜಾಗದಲ್ಲಿ, ಅಂಕಿ ಹಳೆಯ ಜಾಗದಲ್ಲಿ. ಆ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ ಮುಂದೆ ಕಳಿಸಿದರೆ ಮತ್ತೆ ಅದೇ ಗೋಳು.

ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಅಂಕಿ ನೋಡಿಯೇ ಅರ್ಧ ರೋಗ ಹಿಡಿಯಬಹುದು. 74 ಮತ್ತು 14 ಕಂಡರೆ ಡಿಗ್ರಿ. ಕುಮಟಾ ಸುತ್ತ 4 ಲಕ್ಷ 36 ಸಾವಿರ ಮತ್ತು 15 ಲಕ್ಷ 95 ಸಾವಿರದ ಆಸುಪಾಸು ಕಂಡರೆ ಯುಟಿಎಂ (ಭೂಮಿಯನ್ನು ಆರಾರು ಡಿಗ್ರಿಯ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43ನೇ ವಲಯದ ಮೀಟರ್. 82 ಲಕ್ಷ, 16 ಲಕ್ಷ ಎಂದಿದ್ದರೆ ವೆಬ್ ಮರ್ಕೇಟರ್, ಅಂತರ್ಜಾಲದ ನಕ್ಷೆಗಳಲ್ಲಿ ಕಾಣುವಂಥದ್ದು. 43ನೇ ವಲಯ 72ರಿಂದ 78 ಡಿಗ್ರಿ ರೇಖಾಂಶದವರೆಗೆ, ಅದರ ನಡುಗೆರೆ 75 ನಮ್ಮ ಮುಂಡಗೋಡದ ಹತ್ತಿರವೇ ಹಾಯುತ್ತದೆ. ಇಡೀ ಉತ್ತರ ಕನ್ನಡ ಈ ಒಂದೇ ವಲಯದಲ್ಲಿದೆ. ಆದರೆ ರಾಜ್ಯದ ಪೂರ್ವದ ತುದಿ, ಕೋಲಾರದ ಕಡೆ, 44ನೇ ವಲಯಕ್ಕೆ ಬೀಳುತ್ತದೆ. ಅಲ್ಲಿಗೆ ಬರೆದ ಸ್ಕ್ರಿಪ್ಟನ್ನು ಇಲ್ಲಿಗೆ ತಂದು ವಲಯ ಬದಲಿಸದೆ ಓಡಿಸಿದರೆ ಕುಮಟಾ ಆರು ಡಿಗ್ರಿ ಪೂರ್ವಕ್ಕೆ ಹಾರಿ ನೆಲ್ಲೂರಿನಾಚೆ ಬಂಗಾಳ ಕೊಲ್ಲಿಯಲ್ಲಿ ಬೀಳುತ್ತದೆ. ಹೀಗೆ ನೂರಾರು ಕಿಲೋಮೀಟರ್ ತಪ್ಪಿದರೆ ಒಳ್ಳೆಯದೇ, ಯಾರಿಗಾದರೂ ಕಾಣುತ್ತದೆ.

ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬುದೂ ಅಂಥದ್ದೇ. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, 4326ರ ಅಧಿಕೃತ ಕ್ರಮವೂ ಅದೇ. ನಕ್ಷೆಯ ಮಾಹಿತಿ ಬರೆದಿಡುವ ಜಿಯೋಜೇಸನ್ ಎಂಬ ಬಗೆಯಲ್ಲಿ ರೇಖಾಂಶ ಮೊದಲು ಬರಬೇಕೆಂದು 2016ರಲ್ಲಿ ನಿಯಮವಾಯಿತು. ಜಿಡಾಲ್ ಎಂಬ ತಳಹದಿಯ ಸಲಕರಣೆ 2019ರ ಮೂರನೇ ಆವೃತ್ತಿಯಿಂದ ಅಧಿಕೃತ ಕ್ರಮವನ್ನೇ ಹಿಡಿಯಿತು. ಆ ಬದಲಾವಣೆಯಿಂದ ಅಲ್ಲಿಯವರೆಗೆ ಸರಿಯಾಗಿ ಓಡುತ್ತಿದ್ದ ಸ್ಕ್ರಿಪ್ಟುಗಳೂ ಎರಡು ಅಂಕಿಯನ್ನು ಅದಲುಬದಲು ಮಾಡತೊಡಗಿದವು. 74 ಉತ್ತರ, 14 ಪೂರ್ವ ಎಂದರೆ ಕಾರವಾರ ನಾರ್ವೆಗೂ ಉತ್ತರದ ಹಿಮದ ಕಡಲಿನಲ್ಲಿ. ನಿರ್ದೇಶಾಂಕ ತಿರುಗಿಸುವ ಸಲಕರಣೆ ಪೈಪ್ರಾಜ್‌ನಲ್ಲಿ ‘ಆಲ್ವೇಸ್ ಎಕ್ಸ್‌ವೈ’ ಎಂದು ಸ್ಪಷ್ಟವಾಗಿ ಬರೆದರೆ ಈ ತೊಂದರೆ ಇಲ್ಲ.

ನನಗೆ ಭಯ ಇರುವುದು ಸಣ್ಣ ತಪ್ಪುಗಳ ಬಗ್ಗೆ. ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ 14-25-30 ಎಂದು ಬರೆದದ್ದನ್ನು ಯಾರೋ 14.2530 ಎಂದು ಟೈಪ್ ಮಾಡಿದರೆ, ಅದು ಆಗಬೇಕಿದ್ದದ್ದು 14.4250, ಆ ಬಿಂದು 19 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಕುಮಟಾದ ಬಿಂದು ಹೊನ್ನಾವರ ದಾಟುತ್ತದೆ. ಆದರೂ ಅದೇ ಜಿಲ್ಲೆ, ಅದೇ ಕರಾವಳಿ. ಊರು ಗೊತ್ತಿಲ್ಲದವರು ನೋಡಿದರೆ ಸರಿಯಾಗಿಯೇ ಇದೆ ಎನ್ನುತ್ತಾರೆ. ವೆಬ್ ಮರ್ಕೇಟರ್‌ನಲ್ಲಿ ನಕಲಾದ ಮಾಹಿತಿಯಿಂದ ಕ್ಷೇತ್ರಫಲ ತೆಗೆದರೆ ನಮ್ಮ ಅಕ್ಷಾಂಶದಲ್ಲಿ ನೂರು ಎಕರೆ ನೂರಾ ಆರೂವರೆ ಎಕರೆ ದಾಟುತ್ತದೆ. ಘಟ್ಟದ ಮೇಲಿನ ತೋಟಿಗರಿಗೆ ಸೊಪ್ಪಿನ ಬೆಟ್ಟದ ಎಕರೆ ಲೆಕ್ಕ ಎಷ್ಟು ಸೂಕ್ಷ್ಮ ಎಂದು ನಿಮಗೆ ಗೊತ್ತೇ ಇದೆ. ಅಲ್ಲಿ ನೂರಕ್ಕೆ ಆರೂವರೆ ಎಂದರೆ ಅಣ್ಣತಮ್ಮಂದಿರ ಮಾತು ನಿಲ್ಲಲು ಸಾಕು.

ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ನೋಡಿ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅಜ್ಜನ ಕಾಲದ ದಾಖಲೆಗೆ ಹಳೆಯ ನಕ್ಷೆ ಬೇಕು, ಇವತ್ತಿನ ಸರ್ವೆ ಆಗುವುದು ಜಿಪಿಎಸ್‌ನಲ್ಲಿ. ಒಂದು ಎವರೆಸ್ಟಿನದು, ಒಂದು ಡಬ್ಲ್ಯುಜಿಎಸ್‌ನದು. ಎರಡನ್ನೂ ಒಂದರ ಮೇಲೊಂದು ಇಡುವವನು ಪಿಆರ್‌ಜೆ ನೋಡದಿದ್ದರೆ ಎರಡು ಗುಂಟೆ ಮನೆ ಜಾಗ ಪೂರ್ತಿಯಾಗಿ ಗೆರೆಯಾಚೆ ಹೋಗುತ್ತದೆ. ಸಿಆರ್‌ಝಡ್‌ನಲ್ಲೂ ಹಾಗೆಯೇ. 2019ರ ಅಧಿಸೂಚನೆಯಲ್ಲಿ ದಟ್ಟ ಜನವಸತಿಯ ಹಳ್ಳಿಗಳಿಗೆ ಭರತದ ಗೆರೆಯಿಂದ 50 ಮೀಟರ್, ಉಳಿದ ಹಳ್ಳಿಗಳಿಗೆ 200 ಮೀಟರ್ ನಿರ್ಬಂಧವಿದೆ. 50 ಮೀಟರಿನ ಗೆರೆಯನ್ನು 160 ಮೀಟರ್ ಸರಿದ ನಕ್ಷೆಯ ಮೇಲೆ ಎಳೆದರೆ ಮೀನುಗಾರರ ಕೇರಿಗೆ ಕೇರಿಯೇ ಒಳಗೋ ಹೊರಗೋ ಆಗಿಬಿಡುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಗಂಗಾವಳಿಯಲ್ಲಿ ಎಷ್ಟು ದಿನ ಹುಡುಕಾಟ ನಡೆಯಿತು ಎಂದು ಈ ಜಿಲ್ಲೆಯವರಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬರು ಕೊಟ್ಟ ಬಿಂದುವನ್ನು ಇನ್ನೊಬ್ಬರು ಬೇರೆ ಲೆಕ್ಕದಲ್ಲಿ ಓದುವಂತಾಗಬಾರದು ಎಂಬುದು ನನ್ನ ಕಳಕಳಿ.

ಹಾಗಾದರೆ ಏನು ಮಾಡಬೇಕು? ನಾನು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ. ಮೂಲ ಪೆನ್ ಡ್ರೈವ್‌ನ ಫೈಲನ್ನು ಮುಟ್ಟುವುದಿಲ್ಲ, ಅದು ಹಾಗೇ ಇರಬೇಕು. ಸ್ಕ್ರಿಪ್ಟ್ ನಕಲು ಮಾಡುವಾಗ ಹೆಸರು ಹೊಂದುವ ಇಡೀ ಕಟ್ಟನ್ನೇ ಒಯ್ಯುತ್ತದೆ, ಪಿಆರ್‌ಜೆ ಇಲ್ಲದ ಫೈಲ್ ಸಿಕ್ಕರೆ ಅಲ್ಲೇ ನಿಂತು ಅದರ ಹೆಸರು ಹೇಳುತ್ತದೆ, ಮುಂದೆ ಹೋಗುವುದಿಲ್ಲ. ನಕಲಿಗೆ ಮೊದಲು ಮತ್ತು ನಂತರ ಪ್ರತಿ ಫೈಲಿನ ವ್ಯವಸ್ಥೆಯ ಹೆಸರು, ನಾಲ್ಕು ತುದಿಯ ಅಂಕಿ, ಎಷ್ಟು ಆಕಾರಗಳಿವೆ ಎಂಬ ಲೆಕ್ಕ ಒಂದು ಪಟ್ಟಿಗೆ ಬೀಳುತ್ತದೆ. ಚಹಾ ಕುಡಿಯುತ್ತ ಆ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಸಾಕು, ಬೇರೆ ಜಾತಿಯ ಫೈಲ್ ಎದ್ದು ಕಾಣುತ್ತದೆ.

ಕಡೆಗೆ ಮೂರು ಗುರುತಿನ ಜಾಗ. ನಾನು ಇಟ್ಟುಕೊಂಡದ್ದು ಮಿರ್ಜಾನ ಕೋಟೆಯ ಒಂದು ಬುರುಜು, ಗೋಕರ್ಣದ ಕೋಟಿತೀರ್ಥದ ಒಂದು ಮೂಲೆ, ಅಘನಾಶಿನಿಯ ಮೇಲಿನ ಕೊಂಕಣ ರೈಲ್ವೆ ಸೇತುವೆಯ ಒಂದು ತುದಿ. ಮೂರಕ್ಕೂ ಫೋನ್ ಹಿಡಿದು ನಾನೇ ಹೋಗಿ ಅಳತೆ ತಂದಿದ್ದೇನೆ. ಯಾವ ನಕ್ಷೆ ಬಂದರೂ ಈ ಮೂರು ಎಲ್ಲಿ ಬೀಳುತ್ತವೆ ನೋಡುತ್ತೇನೆ. ಮೂರೂ ಒಂದೇ ದಿಕ್ಕಿಗೆ ಒಂದೇ ದೂರ ಸರಿದಿದ್ದರೆ ಡೇಟಮ್. ಒಂದರಿಂದ ಒಂದಕ್ಕೆ ತಪ್ಪು ಬೆಳೆಯುತ್ತ ಹೋದರೆ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕ). ಸಮುದ್ರದಾಚೆ ಹಾರಿದ್ದರೆ ವಲಯ, ಮಾನ ಅಥವಾ ಅಕ್ಷಾಂಶ ರೇಖಾಂಶದ ಅದಲುಬದಲು. ಮೂರೂ ಆಫ್ರಿಕಾದ ಪಕ್ಕದ ಕಡಲಿನಲ್ಲಿ ಒಂದೇ ಚುಕ್ಕೆಯಾಗಿ ಕೂತಿದ್ದರೆ ಡಿಗ್ರಿಯನ್ನು ವೆಬ್ ಮರ್ಕೇಟರ್ ಮೀಟರ್ ಎಂದು ಓದಿದ್ದಾರೆ ಎಂದರ್ಥ, ಶೂನ್ಯ ಅಕ್ಷಾಂಶ ಶೂನ್ಯ ರೇಖಾಂಶ ಇರುವುದು ಅಲ್ಲಿ.

ಆ 32 ಫೈಲುಗಳನ್ನು ಎವರೆಸ್ಟ್ ಎಂದೇ ಓದಿಸಿ, ಪ್ರಕಟವಾಗಿರುವ ಮೂರು ಸಂಖ್ಯೆಯ ಸೂತ್ರ ಹಾಕಿ ತಿರುಗಿಸಿದೆ. 295, 736, 257 ಮೀಟರ್, ಭೂಮಿಯ ಎರಡು ಲೆಕ್ಕದ ನಡುಬಿಂದುಗಳ ನಡುವೆ ಮೂರು ದಿಕ್ಕಿನಲ್ಲಿರುವ ಅಂತರ. ಕಟ್ಟೆ ಕಟ್ಟೆಯ ಮೇಲೆ ಬಂತು. ಆದರೆ ಇದು ಇಡೀ ದೇಶಕ್ಕೆ ಒಂದೇ ಅಳತೆಯ ಅಂಗಿ, ಹತ್ತಿಪ್ಪತ್ತು ಮೀಟರ್ ಆಚೀಚೆ ಉಳಿಯಬಹುದು. ಅರ್ಜಿಗೆ ಬೇಕಾದ ಮೂಲೆಗಳನ್ನು ಅಜ್ಜ ಮತ್ತು ನಾನು ಮತ್ತೆ ಕಾಲಲ್ಲಿ ನಡೆದೇ ಸರಿಮಾಡಿದೆವು. ಗಡಿ ತಕರಾರಿಗೆ ಈ ಸೂತ್ರ ಸಾಲದು, ನೆಲದ ಅಳತೆಯೇ ಬೇಕು. ದಿಶಾಂಕ್ ಆ್ಯಪ್ ತೆರೆದು ನಿಂತಲ್ಲೇ ಸರ್ವೆ ನಂಬರ್ ನೋಡುವವರಿಗೂ ಇದನ್ನೇ ಹೇಳುತ್ತೇನೆ. ಸರಪಳಿ ಹಿಡಿದು ಅಳೆದ ಹಳೆಯ ಊರನಕ್ಷೆಯನ್ನು ಜಿಪಿಎಸ್ ಲೆಕ್ಕಕ್ಕೆ ಕೂರಿಸುವಾಗ ಒಂದಿಷ್ಟು ಸರಿದಾಟ ಇದ್ದೇ ಇರುತ್ತದೆ, ಅದೊಂದನ್ನೇ ನಂಬಿ ಬೇಲಿ ಕೀಳಬೇಡಿ.

ಸಂಬಂಧಪಟ್ಟ ಎಲ್ಲ ಇಲಾಖೆಗಳಲ್ಲಿ ನನ್ನ ಬೇಡಿಕೆ ಒಂದೇ. ಸಾರ್ವಜನಿಕರಿಗೆ ಕೊಡುವ ಪ್ರತಿ ನಕ್ಷೆಯ ಕೆಳಗೆ, ಪ್ರತಿ ಫೋಲ್ಡರಿನ ಒಳಗೆ, ಕನ್ನಡದಲ್ಲಿ ಮೂರು ಸಾಲು ಬರೆಯಿರಿ. ಯಾವ ನಿರ್ದೇಶಾಂಕ ವ್ಯವಸ್ಥೆ, ಯಾವ ಮೂಲದಿಂದ ಯಾವ ವರ್ಷ ಮಾಡಿದ್ದು, ತಿರುಗಿಸಿದ್ದರೆ ಯಾವ ಸೂತ್ರದಿಂದ. ಇದಕ್ಕೆ ಹಣ ಬೇಡ, ಹೊಸ ಯಂತ್ರ ಬೇಡ. ರಾಮ್‌ಸಾರ್ ಅಳಿವೆಯ ಗಡಿಯಿರಲಿ, ಪಂಚಾಯತಿಯ ಕೊಳವೆಬಾವಿಗಳ ಪಟ್ಟಿಯಿರಲಿ, ಎಲ್ಲಕ್ಕೂ ಬೇಕು. 2021ರಿಂದ ದೇಶದಲ್ಲಿ ನಕ್ಷೆಯ ಮಾಹಿತಿ ಬಳಸಲು ನಿಯಮಗಳು ಬಹಳ ಸಡಿಲವಾಗಿವೆ, ನನ್ನಂಥ ಸಣ್ಣವರೂ ಮನೆಯಲ್ಲಿ ಕೂತು ಈ ಕೆಲಸ ಮಾಡಬಹುದು. ಮಾಹಿತಿ ಎಷ್ಟು ಕೈ ದಾಟುತ್ತದೋ ಅಷ್ಟು ಸಲ ಆ ನಾಲ್ಕನೇ ಫೈಲ್ ಕಳೆದುಹೋಗುವ ಸಂಭವ ಇದೆ. ಮೂರು ಸಾಲು ಹಾಳೆಯ ಮೇಲೆಯೇ ಇದ್ದರೆ ಕಳೆಯುವುದಿಲ್ಲ.

ನಿಮ್ಮಲ್ಲೂ ಒಂದು ವಿನಂತಿ. ಪತ್ರಿಕೆಯಲ್ಲಿ ಒಂದು ಜಾಗದ ಅಕ್ಷಾಂಶ ರೇಖಾಂಶ ಕೊಡುವಾಗ ಯಾವುದು ಯಾವುದೆಂದು ಹೆಸರಿಟ್ಟು ಕೊಡಿ. ನಿಮಿಷ ಸೆಕೆಂಡಿನಲ್ಲಿದ್ದರೆ ಆ ಪದಗಳನ್ನೂ ಬರೆಯಿರಿ, ಬರೀ ಚುಕ್ಕೆ ಇಟ್ಟು ಬಿಡಬೇಡಿ.

ಗಜನಿ ಕಟ್ಟೆಯ ಅರ್ಜಿ ಈ ಬೇಸಿಗೆಯಲ್ಲಿ ಮತ್ತೆ ಹೋಗಿದೆ. ಈ ಸಲ ನಕ್ಷೆಯ ಕೆಳಗೆ ಹೀಗೆ ಬರೆದಿದ್ದೇನೆ: ‘ಡಬ್ಲ್ಯುಜಿಎಸ್ 84, ಯುಟಿಎಂ ವಲಯ 43 ಉತ್ತರ, ಅಳತೆ ಮೀಟರಿನಲ್ಲಿ. ಮೂಲ: ಹಳೆಯ ಟೋಪೋ ಶೀಟ್, ಎವರೆಸ್ಟ್ ಪದ್ಧತಿ, ಮೂರು ಸಂಖ್ಯೆಯ ಸೂತ್ರದಿಂದ ತಿರುಗಿಸಿದ್ದು. ಕಟ್ಟೆಯ ಎಲ್ಲ ಮೂಲೆಗಳನ್ನೂ ಊರಿನವರ ಜೊತೆ ಸ್ಥಳದಲ್ಲಿ ನಡೆದು ನೋಡಲಾಗಿದೆ.’ ಅಜ್ಜ ಅದನ್ನು ಮೊಮ್ಮಗನ ಕೈಲಿ ಎರಡು ಸಲ ಓದಿಸಿಕೊಂಡು, ಮೋರಿ ಬುಡದ ತೆಂಗಿನಮರ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಿಕೊಂಡ ಮೇಲೆಯೇ ಸಹಿ ಹಾಕಿದರು.

ಇಂತಿ ನಿಮ್ಮ ಓದುಗಾರ್ತಿ,
ಗಜನಿ ರೈತರ ಮಗಳು,
ಅಘನಾಶಿನಿ ದಂಡೆ, ಕುಮಟಾ ತಾಲ್ಲೂಕು